ನೊರೆ ಮಾವನ ಎಡಗೈ

ನೊರೆ ಮಾವನ ಬಲಗೈ ಎಲ್ಲರ ಕೈಯಂತೆ ಬೆಚ್ಚಗಿತ್ತು. ಎಡಗೈ ಮಾತ್ರ ಯಾವಾಗ ಮುಟ್ಟಿದರೂ ತಣ್ಣಗೆ. ಅದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಬಲಗೈ ನಲ್ಲಿಯ ಹಿಡಿಯ ಮೇಲೆ, ಎಡಗೈ ಬಿಯರು ತುಂಬುವ ಗ್ಲಾಸಿನ ಸುತ್ತ. ಮೀಸೆ ಮೂಡಿದಾಗಿನಿಂದ ಮೀಸೆ ಬೆಳ್ಳಗಾಗುವವರೆಗೂ ಹೀಗೇ ನಿಂತವನ ಕೈ ಇನ್ನು ಹೇಗಿದ್ದೀತು? ಅವನ ಹೆಂಡತಿ ತಲೆನೋವು ಬಂದರೆ ಮಾತ್ರೆ ಹುಡುಕುತ್ತಿರಲಿಲ್ಲ. "ರೀ, ಆ ಕೈ ಸ್ವಲ್ಪ ಇಲ್ಲಿ ಇಡ್ರೀ," ಎಂದು ಹಣೆ ಒಡ್ಡುತ್ತಿದ್ದಳು.

ಅವನು ಕೆಲಸಕ್ಕಿದ್ದ ಬಿಯರಿನ ಅಂಗಡಿ ಇದ್ದದ್ದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಟೈರ್ ಅಂಗಡಿಗೂ ಕ್ಷೌರದ ಅಂಗಡಿಗೂ ನಡುವೆ. ಒಳಗೊಂದು ಉದ್ದನೆಯ ಕೌಂಟರು, ಅದರ ಮೇಲೆ ಮಿರಮಿರ ಮಿಂಚುವ ಹಿತ್ತಾಳೆ ನಲ್ಲಿ. ಬಿಯರಿನ ಪೀಪಾಯಿ ಕೆಳಗೆ ನೆಲಮಾಳಿಗೆಯಲ್ಲಿ. ಅಲ್ಲಿಂದ ಕೊಳವೆಯೊಂದು ಗೋಡೆ ಹಿಡಿದು ಮೇಲೆ ಬಂದು ನಲ್ಲಿ ಸೇರುತ್ತಿತ್ತು. ಆ ಕೊಳವೆಯನ್ನು ಮಾವ ಎಳೆಗೂಸಿಗೆ ನೀರು ಹಾಕಿದ ಹಾಗೆ ತೊಳೆಯುತ್ತಿದ್ದ. ಗ್ಲಾಸಿನ ವಿಷಯದಲ್ಲಂತೂ ಮಡಿವಂತ. ಸೋಪಿನ ಪಸೆ ಎಳ್ಳಷ್ಟು ಉಳಿದರೂ ನೊರೆ ಸತ್ತುಹೋಗುತ್ತದೆ ಎಂದು ಮತ್ತೆ ಮತ್ತೆ ಜಾಲಿಸಿ ಬೋರಲು ಹಾಕುತ್ತಿದ್ದ, ಬಟ್ಟೆ ಸೋಕಿಸುತ್ತಿರಲಿಲ್ಲ. ಸುರಿಯುವ ಮೊದಲು ಗ್ಲಾಸಿಗೆ ತಣ್ಣೀರಿನದೊಂದು ಮುಳುಗು. ಆಮೇಲೆ ಗ್ಲಾಸು ಓರೆ, ಬಿಯರು ಅಂಚು ಹಿಡಿದು ಸದ್ದಿಲ್ಲದೆ ಇಳಿಯಬೇಕು. ಮುಕ್ಕಾಲು ತುಂಬಿದ ಮೇಲೆ ಗ್ಲಾಸು ನೆಟ್ಟಗೆ, ತಲೆಯ ಮೇಲೆ ಎರಡು ಬೆರಳು ನೊರೆ. ನೊರೆ ಮಾವ ಎಂಬ ಹೆಸರು ಬಂದದ್ದು ಹೀಗೆ. ಹೆತ್ತವರು ಇಟ್ಟ ಹೆಸರು ಬೀದಿಗೆ ಮರೆತೇ ಹೋಗಿತ್ತು.

"ಡಬ್ಬಿ ಬಿಯರು ಅಂದ್ರೆ ಜೈಲಲ್ಲಿರೋ ಬಿಯರು," ಎನ್ನುತ್ತಿದ್ದ ಅವನು, ಕೇಳಿದವರಿಗೂ ಕೇಳದವರಿಗೂ. "ಬಾಟಲಿ ಅಂದ್ರೆ ಕಿಟಕಿ ಇರೋ ಜೈಲು. ನಲ್ಲೀದಕ್ಕೆ ಮಾತ್ರ ಬಿಡುಗಡೆ."

ಈ ಮಾತು ಕೇಳಿದಾಗಲೆಲ್ಲ ಉರಿದೇಳುತ್ತಿದ್ದವನು ಅವನ ಹೆಂಡತಿಯ ತಮ್ಮ. ಅವನು ಬಾಟಲಿ ಲಾರಿಯ ಡ್ರೈವರು. "ಭಾವ, ನಿಮ್ಮ ಕೊಳವೆ ಒಳಗೆ ಏನೇನಿದೆಯೋ ಯಾರು ಕಂಡೋರು? ಬಾಟಲಿ ನೋಡಿ. ಮುಚ್ಚಳ ಹಾರಿಸಿದ್ರೆ ಟುಸ್ ಅಂತ ಸತ್ಯ ಹೇಳತ್ತೆ."

"ಟುಸ್ ಅನ್ನೋದೆಲ್ಲ ಸತ್ಯ ಆದ್ರೆ, ನಿನ್ನ ಲಾರಿ ಟೈರೇ ದೊಡ್ಡ ಸತ್ಯವಂತ ಕಣೋ."

ಹೀಗೆ ಸಾಗಿತ್ತು ಸಂಸಾರ. ಅಷ್ಟರಲ್ಲಿ ಅಂಗಡಿಯ ಹಳೆಯ ಯಜಮಾನರಿಗೆ ಮಂಡಿನೋವು ಜಾಸ್ತಿಯಾಗಿ ಬೀಗದ ಕೈ ಮಗಳ ಕೈಗೆ ಬಂತು. ಶಾಲೆ ಬಿಟ್ಟ ಮೇಲೆ ಇದೇ ಕೌಂಟರಿನ ತುದಿಯಲ್ಲಿ ಕೂತು ಹೋಂವರ್ಕ್ ಬರೆದ ಹುಡುಗಿ ಅವಳು. ಮಾವನನ್ನು ಮಾವ ಎಂದೇ ಕರೆದು ಬೆಳೆದವಳು. ಅವಳು ಒಂದು ತಿಂಗಳು ಸುಮ್ಮನೆ ನೋಡಿದಳು, ಆಮೇಲೆ ಬಾಯಿ ಬಿಟ್ಟಳು.

"ಮಾವ, ಬೇಜಾರು ಮಾಡ್ಕೋಬೇಡಿ. ಕೊಳವೆ ಅಲ್ಲಲ್ಲಿ ಸೋರ್ತಿದೆ. ಪೀಪಾಯಿ ತೆಗೆದ ಮೇಲೆ ಬೇಗ ಖಾಲಿ ಆಗದಿದ್ರೆ ಉಳಿದದ್ದು ಚರಂಡಿಗೆ. ಒಂದು ದೊಡ್ಡ ಫ್ರಿಜ್ ತಂದು ಡಬ್ಬಿ ಜೋಡಿಸಿಬಿಡೋಣ ಅಂತಿದ್ದೀನಿ."

ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಅದೇ ಕಷ್ಟವಾದದ್ದು. ಡಬ್ಬಿ ತೆಗೆಯೋಕೆ ಒಂದು ಬೆರಳು ಸಾಕು, ಅದಕ್ಕೆ ನಾನ್ಯಾಕೆ ಬೇಕು ಎಂಬ ಮಾತು ಮಾವನ ಗಂಟಲಿಗೆ ಬಂದು ಅಲ್ಲೇ ಕೂತಿತು. ಬಾಯಿಂದ ಹೊರಬಿದ್ದದ್ದು ಮಾತ್ರ ಜಂಬ: "ನಲ್ಲಿ ಬಿಯರಿನ ರುಚಿ ಡಬ್ಬಿಗೆ ಬರತ್ತೇನು ಪುಟ್ಟಿ? ಕಣ್ಣು ಕಟ್ಟಿ ಕುಡಿಸು, ಯಾರು ಬೇಕಾದ್ರೂ ಹೇಳ್ತಾರೆ."

"ಕುಡಿಸೇ ಬಿಡೋಣ," ಎಂದಳು ಹುಡುಗಿ, ಕಣ್ಣು ಮಿನುಗಿಸಿ. "ಭಾನುವಾರ ಮಧ್ಯಾಹ್ನ. ಒಂದೇ ಕಂಪನಿ ಬಿಯರು ಮೂರು ಥರ. ನಲ್ಲಿ ಗೆದ್ರೆ ನಲ್ಲಿ ಇರತ್ತೆ. ಸೋತ್ರೆ ಸೋಮವಾರ ಬಿಚ್ಚಿಸ್ತೀನಿ. ಸುರಿಯೋರು ನೀವೇ."

ಮನೆಗೆ ಬಂದ ಮಾವ ಹೊಲಿಗೆ ಮಿಷನ್ನಿನ ಪಕ್ಕ ಕೂತು ಹೆಂಡತಿಗೆ ಎಲ್ಲ ಒಪ್ಪಿಸಿದ. ಅವಳು ಬ್ಲೌಸಿನ ತೋಳು ಕೂಡಿಸುತ್ತಿದ್ದವಳು ಹಲ್ಲಲ್ಲೇ ದಾರ ಕಚ್ಚಿ ತುಂಡು ಮಾಡಿದಳು.

"ಸುರಿಯೋರು ನೀವೇ ಅಲ್ವಾ? ಮತ್ತೇನ್ರೀ ಚಿಂತೆ? ನಲ್ಲೀದನ್ನ ನಿಮ್ಮ ಥರ ಸುರೀರಿ. ಉಳಿದದ್ದನ್ನ ಎತ್ತರದಿಂದ ದಬದಬ ಸುರಿದುಬಿಡಿ."

"ಅದು ಮೋಸ ಅಲ್ವೇನೇ?"

"ಮೋಸ ಏನು ಬಂತು? ಲೋಕದಲ್ಲಿ ಎಲ್ಲರೂ ಸುರಿಯೋದು ಹಾಗೇನೇ."

ಮಾವನಿಗೆ ಮಾತು ಹಿಡಿಸಿತು. ಮೋಸ ಮಾಡುವುದಾದರೆ ಅಚ್ಚುಕಟ್ಟಾಗಿಯೇ ಮಾಡೋಣ ಎಂದು ಭಾನುವಾರ ಬೆಳಗ್ಗೆ ಒಂದಷ್ಟು ಗ್ಲಾಸಿಗೆ ಸೋಪು ಹಚ್ಚಿ ಅರೆಬರೆ ತೊಳೆದು ಬೇರೆ ಇಟ್ಟ. ಡಬ್ಬಿಯ ಬಿಯರಿಗೆ ಇವು, ಎಂದು ಮನಸ್ಸಿನಲ್ಲೇ ಗುರುತು ಮಾಡಿಕೊಂಡ.

ರುಚಿ ನೋಡಲು ಬಂದವರು ಮೂವರು: ದಿನವೂ ಬರುವ ನಿವೃತ್ತ ಮೇಷ್ಟ್ರು, ಪಕ್ಕದ ಕ್ಷೌರಿಕ, ಲಾರಿ ಡ್ರೈವರ್ ಬಾಮೈದ. ಬಿಯರು ಸುರಿಯುವುದು ಕಾಣದಿರಲೆಂದು ಹುಡುಗಿ ಕೌಂಟರಿಗೆ ಅಡ್ಡ ಪರದೆ ಕಟ್ಟಿದಳು. ಗ್ಲಾಸಿಗೆ ಮಾವನ ಹೆಂಡತಿ ಕೊಟ್ಟ ದಾರದ ಗುರುತು: ನಲ್ಲಿಗೆ ಬಿಳಿ, ಬಾಟಲಿಗೆ ಹಸಿರು, ಡಬ್ಬಿಗೆ ಕೆಂಪು. ಇದು ಗೊತ್ತಿದ್ದದ್ದು ಹುಡುಗಿಗೆ, ಮಾವನಿಗೆ ಮಾತ್ರ.

ಪರದೆಯ ಹಿಂದೆ ಮಾವ ನಲ್ಲಿಯದನ್ನು ತುಂಬಿದ. ಬೆಣ್ಣೆಯಂಥ ನೊರೆ. ಬಾಟಲಿ ಎತ್ತಿದ, ದಬದಬ ಸುರಿಯಬೇಕು ಎಂದುಕೊಳ್ಳುವಷ್ಟರಲ್ಲಿ ಎಡಗೈ ತನ್ನಷ್ಟಕ್ಕೆ ತಾನೇ ಗ್ಲಾಸನ್ನು ಓರೆ ಮಾಡಿಬಿಟ್ಟಿತ್ತು. ಹೋಗಲಿ, ಡಬ್ಬಿ ಇದೆಯಲ್ಲ ಎಂದು ಸೋಪಿನ ಗ್ಲಾಸು ತೆಗೆದುಕೊಂಡ. ಮೂಗಿಗೆ ಸೋಪಿನ ವಾಸನೆ ಬಡಿಯಿತು. ಇಂಥ ಗ್ಲಾಸಿನಲ್ಲಿ ಮನುಷ್ಯರಿಗೆ ಬಿಯರು ಕೊಡುವುದೇ? "ಥೂ," ಎಂದು ಅದನ್ನು ಪಕ್ಕಕ್ಕಿಟ್ಟು ಒಳ್ಳೆ ಗ್ಲಾಸು ತೆಗೆದ, ತಣ್ಣೀರಿನಲ್ಲಿ ಮುಳುಗಿಸಿದ. ಸೋಲುವ ಗ್ಲಾಸು ಎಂಬ ಮರುಕಕ್ಕೋ ಏನೋ, ಅದನ್ನು ಇನ್ನೂ ಒಂದು ಕೈ ಹೆಚ್ಚೇ ಜೋಪಾನದಿಂದ ತುಂಬಿದ. ಎರಡು ಬೆರಳು ನೊರೆ ಕಿರೀಟದಂತೆ ನಿಂತಾಗಲೇ ತಾನೇನು ಮಾಡಿದೆ ಎಂದು ಅವನಿಗೆ ಹೊಳೆದದ್ದು. ಆದರೇನು, ಹುಡುಗಿ ಆಗಲೇ ತಟ್ಟೆ ಎತ್ತಿಕೊಂಡು ಹೊರಟಿದ್ದಳು.

ಮೇಷ್ಟ್ರು ಮೂರನ್ನೂ ಗುಟುಕರಿಸಿ ಕಣ್ಣು ಮುಚ್ಚಿದರು. "ಕೆಂಪು ದಾರದ್ದು ಫಸ್ಟ್ ಕ್ಲಾಸು. ಇದೇ ನಲ್ಲೀದು. ಇಷ್ಟು ವರ್ಷ ಕುಡಿದೋನಿಗೆ ಗೊತ್ತಾಗಲ್ವೇ?"

ಕ್ಷೌರಿಕ ತಲೆ ಕೆರೆದುಕೊಂಡ. "ಮೂರೂ ನಲ್ಲೀದೇ. ನಮಗೆ ಟೋಪಿ ಹಾಕ್ತಿದ್ದೀರಾ." ಒಂದನ್ನು ಆರಿಸಲೇಬೇಕು ಎಂದಾಗ ಅವನೂ ಕೆಂಪಿಗೇ ಬೆರಳಿಟ್ಟ.

ಬಾಮೈದ ಎದ್ದೇ ನಿಂತ. "ಕೆಂಪು! ಇದು ನನ್ನ ಬಾಟಲೀದು ಕಣ್ರೀ. ಲಾರಿಯಲ್ಲಿ ನಾನೇ ಹೊತ್ತು ತಂದದ್ದು. ಸ್ವಂತ ಮಗೂನ ಗುರುತು ಹಿಡಿಯಲ್ವೇ?"

ಹುಡುಗಿ ನಗು ತಡೆಯಲಾರದೆ ಕೌಂಟರಿಗೆ ಆತುಕೊಂಡಳು. "ಕೆಂಪು ಡಬ್ಬೀದು!"

ಮೂವರೂ ಮುಖ ಮುಖ ನೋಡಿಕೊಂಡರು. ಮಾವ ಹಿಂದಿನ ಕೋಣೆಗೆ ಹೋಗಿ ಏಪ್ರನ್ನಿನ ಗಂಟು ಬಿಚ್ಚತೊಡಗಿದ. ತಮಾಷೆ ನೋಡಲೆಂದು ಬಂದು ಬಾಗಿಲ ಬಳಿ ನಿಂತಿದ್ದ ಹೆಂಡತಿ ಹಿಂದೆಯೇ ಬಂದಳು.

"ಅಲ್ರೀ, ಜನ್ಮದಲ್ಲಿ ಒಂದೇ ಒಂದು ಸಲ ಕೆಟ್ಟದಾಗಿ ಸುರಿಯೋಕೆ ಏನಾಗಿತ್ತು?"

"ಕೈ ಕೇಳ್ಲಿಲ್ಲ ಕಣೇ," ಎಂದ ಮಾವ. ಗಂಟು ಬಿಚ್ಚಲು ಬರದೆ ಇನ್ನಷ್ಟು ಬಿಗಿಯಾಯಿತು.

ಇತ್ತ ಹುಡುಗಿ, ಸೋತವರಿಗೂ ಗೆದ್ದವರಿಗೂ ಸೇರಿ ಇನ್ನೊಂದು ಸುತ್ತು ನನ್ನ ಕಡೆಯಿಂದ ಎಂದು ಡಬ್ಬಿ ತೆಗೆದು ತಾನೇ ಸುರಿದಳು. ಕೈಗೆ ಸಿಕ್ಕಿದ್ದು ಪಕ್ಕಕ್ಕಿಟ್ಟಿದ್ದ ಆ ಸೋಪಿನ ಗ್ಲಾಸುಗಳೇ. ಬಿಯರು ಬುಸ್ಸೆಂದು ಉಕ್ಕಿ ಮೇಷ್ಟ್ರ ಅಂಗಿ ನೆನೆಸಿ, ಮರುಗಳಿಗೆಯೇ ತಣ್ಣನೆ ಟೀಯಂತೆ ಸಪ್ಪಗೆ ಕೂತಿತು.

"ಇದೇನಮ್ಮ, ಬೇರೆ ಕಂಪನೀದಾ?" ಎಂದ ಕ್ಷೌರಿಕ.

"ಛೆ, ಇದಂತೂ ಡಬ್ಬೀದೇ," ಎಂದ ಬಾಮೈದ, ಬಹಳ ತಿಳಿದವನಂತೆ.

ಹುಡುಗಿ ತಾನೂ ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದಳು. ಒಳ್ಳೆ ಗ್ಲಾಸು ತೊಳೆದು ಮತ್ತೊಂದು ಡಬ್ಬಿ ಸುರಿದಳು. ಕೊಂಚ ವಾಸಿ, ಆದರೂ ಅರ್ಧ ನೊರೆ, ಅರ್ಧ ನೆಲಕ್ಕೆ. ಕೆಂಪು ದಾರದ ಗ್ಲಾಸಿನ ತಳದಲ್ಲಿ ಉಳಿದದ್ದನ್ನು ಹೀರಿದಳು. ಆಮೇಲೆ ಒಳಕ್ಕೆ ಕೂಗಿದಳು: "ಮಾವ! ಡಬ್ಬಿಗೆ ಏನು ಹಾಕಿದ್ರಿ?"

"ಏನೂ ಇಲ್ಲ ಪುಟ್ಟಿ. ಸುಮ್ನೆ ಸುರಿದೆ."

"ಇಲ್ಲಿ ಬಂದು ಸುಮ್ನೆ ಇನ್ನೊಂದು ಸಲ ಸುರೀರಿ, ನೋಡೋಣ."

ಮಾವ ಬಂದ, ಸುರಿದ. ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ನೊರೆ ಬಂದು ನಿಂತಿತು, ಎರಡು ಬೆರಳು.

"ಪಂದ್ಯ ಅಂದ್ರೆ ಪಂದ್ಯ," ಎಂದಳು. "ನಲ್ಲಿ ನಾಳೆ ಹೋಗತ್ತೆ. ಫ್ರಿಜ್ ಬರತ್ತೆ. ಆದ್ರೆ ನೀವು ಏಪ್ರನ್ ಬಿಚ್ಚಿ ಎಲ್ಲಿಗೆ ಹೊರಟಿದ್ರಿ?"

"ಡಬ್ಬಿ ತೆಗೆಯೋಕೆ ನಾನ್ಯಾಕಮ್ಮ?" ಗಂಟಲಲ್ಲಿ ಕೂತಿದ್ದ ಮಾತು ಕೊನೆಗೂ ಹೊರಬಿತ್ತು.

"ತೆಗೆಯೋಕೆ ನಾನಿದ್ದೀನಿ. ಸುರಿಯೋಕೆ ಯಾರಿದ್ದಾರೆ, ಮೇಷ್ಟ್ರ ಅಂಗಿ ನೋಡಿದ್ರಲ್ಲ?"

ಮೇಷ್ಟ್ರು ಅಂಗಿ ಹಿಂಡುತ್ತಾ, "ಮುಂದಿನ ವಾರದಿಂದ ನಾನು ರೇನ್‌ಕೋಟ್ ಹಾಕ್ಕೊಂಡು ಬರಲ್ಲ, ಈಗಲೇ ಹೇಳಿದ್ದೀನಿ," ಎಂದರು. ಮಾವ ಗಂಟು ಬಿಚ್ಚದೆ ಮೈಮೇಲೇ ಉಳಿದಿದ್ದ ಏಪ್ರನ್ನನ್ನು ಸರಿಮಾಡಿಕೊಂಡ.

ಹಿತ್ತಾಳೆ ನಲ್ಲಿಯನ್ನು ಹುಡುಗಿ ಅವನಿಗೇ ಕೊಟ್ಟಳು. ಮಾವ ಅದನ್ನು ತಿಕ್ಕಿ ತೊಳೆದು ಮನೆಯ ಅಡುಗೆಮನೆಯ ನೀರಿನ ಪೈಪಿಗೆ ಕೂಡಿಸಿದ. ಈಗ ಮನೆಗೆ ಯಾರೇ ಬಂದು ನೀರು ಕೇಳಲಿ, ಮೊದಲು ಲೋಟಕ್ಕೊಂದು ಮುಳುಗು, ಆಮೇಲೆ ಲೋಟ ಓರೆ, ಕೊನೆಗೆ ನೆಟ್ಟಗೆ.

"ಇನ್ನು ನೀರಿಗೂ ನೊರೆ ಬರಿಸ್ತೀರೇನ್ರೀ?" ಎನ್ನುತ್ತಾಳೆ ಹೆಂಡತಿ.

ಬಾಮೈದ ಮನೆಗೆ ಬರುವಾಗ ಬೇಕೆಂದೇ ನೀರಿನ ಬಾಟಲಿ ತರುತ್ತಾನೆ. ಮಾವ ಅದನ್ನು ಕಿತ್ತು ಮೂಲೆಗಿಟ್ಟು, ತಣ್ಣನೆಯ ಎಡಗೈಯಿಂದ ಲೋಟ ಮುಂದೆ ಹಿಡಿಯುತ್ತಾನೆ. "ನಲ್ಲೀದು ಕಣೋ. ಕುಡಿದು ನೋಡಿ ಆಮೇಲೆ ಮಾತಾಡು."