ಗಂಡನ ಅಳತೆಯ ಸೀಟು

ಬೈಕಿನ ಸೀಟಿನ ಮಾತು ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ವರ್ಷ ಒಂದು ಕಳೆದರೂ ಸಿಟ್ಟು ಆರಿಲ್ಲ, ಆರಲು ಬಿಡುವ ಮನಸ್ಸೂ ಇಲ್ಲ.

ನಮ್ಮ ಮನೆ ಕಾಪುವಿನಲ್ಲಿ. ನಾನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಶಿರ್ವ, ಬೆಳ್ಮಣ್, ನಿಟ್ಟೆ ದಾಟಿ ದಿನವೂ ಬೈಕಿನಲ್ಲೇ ಹೋಗಿ ಬರುವುದು. ಸ್ಕೂಟರ್ ಅಲ್ಲ, ಗೇರಿನ ದೊಡ್ಡ ಬೈಕು, ನನ್ನ ದುಡಿಮೆಯಲ್ಲಿ ನಾನೇ ಕೊಂಡದ್ದು. ರಜೆಯಲ್ಲಿ ಕುಂದಾಪುರ, ಭಟ್ಕಳ ದಾಟಿ ಗೋಕರ್ಣದವರೆಗೂ ಒಬ್ಬಳೇ ಹೋಗಿ ಬಂದಿದ್ದೇನೆ. ನಲವತ್ತೆಂಟು ವರ್ಷದ ಹೆಂಗಸಿಗೆ ತನ್ನದು ಎಂದು ಹೇಳಿಕೊಳ್ಳಲು ಇದ್ದ ಒಂದೇ ಸುಖ ಅದು. ಅದಕ್ಕೇ ಕುತ್ತು ಬಂತು. ಕಂಪನಿಯ ಸೀಟು ಎರಡೇ ವರ್ಷಕ್ಕೆ ಕುಸಿದುಹೋಗಿ, ಬೆಳ್ಮಣ್ ಮುಟ್ಟುವಷ್ಟರಲ್ಲಿ ಬೆನ್ನಿನ ಕೆಳತುದಿಯ ಮೂಳೆಯಲ್ಲಿ ತಡೆಯಲಾಗದ ನೋವು ಶುರುವಾಗುತ್ತಿತ್ತು. ಮಣಿಪಾಲದ ಡಾಕ್ಟರು ಎಕ್ಸ್‌ರೇ ನೋಡಿ, "ಒಳ್ಳೆಯ ಸೀಟು ಹಾಕಿಸಿ ನೋಡಿ. ಎರಡು ತಿಂಗಳಲ್ಲಿ ಕಡಿಮೆ ಆಗದಿದ್ದರೆ ಬೈಕು ಬಿಡಬೇಕಾಗ್ತದೆ" ಎಂದರು.

ಜೊತೆಗೆ ಬಂದಿದ್ದ ನನ್ನ ಗಂಡನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. "ಮಾರಿಬಿಡುವ ಮಾರಾಯ್ತಿ, ಬಸ್ಸು ಉಂಟಲ್ಲ" ಎಂದು ಮನೆ ಮುಟ್ಟುವವರೆಗೂ ಅದನ್ನೇ ಹೇಳಿದರು. ಅವರಿಗೆ ಗೇರಿನ ಬೈಕು ಓಡಿಸಲು ಬರುವುದಿಲ್ಲ. ಆದರೂ ಉಡುಪಿಯ ಸೀಟಿನ ಅಂಗಡಿಗೆ ನಾನೂ ಬರುತ್ತೇನೆ ಎಂದು ಹೊರಟರು.

ಅಂಗಡಿಯ ಗೋಡೆ ತುಂಬ ಸೀಟುಗಳೇ. ಕೆಂಪು ದಾರದ ಹೊಲಿಗೆಯದ್ದು, ಒಳಗೆ ಜೆಲ್ ಇರುವುದು, ಎರಡು ಅಂತಸ್ತಿನದ್ದು. ಅಂಗಡಿಯವರು ಒಂದೊಂದನ್ನೂ ಹೆಬ್ಬೆರಳಿನಿಂದ ಬನ್ನು ಒತ್ತಿದ ಹಾಗೆ ಒತ್ತಿ ತೋರಿಸಿದರು. ಗಂಡನ ಹತ್ತಿರ ತುಳುವಿನಲ್ಲಿ ಮಾತು, ನನ್ನ ಹತ್ತಿರ ಕನ್ನಡದಲ್ಲಿ. ನಾನು ತುಳುವಿನಲ್ಲೇ ಕೇಳಿದೆ. ಉತ್ತರ ಬಂದದ್ದು ಕನ್ನಡದಲ್ಲೇ, ಅದೂ ಗಂಡನ ಮುಖ ನೋಡಿಕೊಂಡು.

"ಸರ್, ಒಮ್ಮೆ ಗಾಡಿಯಲ್ಲಿ ಕೂತುಕೊಳ್ಳಿ. ಎಷ್ಟು ಎತ್ತರ ಬೇಕು ಅಂತ ಗೊತ್ತಾಗ್ತದೆ."

ಗಂಡ ಹತ್ತಿ ಕೂತೇಬಿಟ್ಟರು. ಆರಡಿಯ ಆಳು, ಎರಡೂ ಪಾದ ನೆಲಕ್ಕೆ ಊರಿ, ಹ್ಯಾಂಡಲ್ ಹಿಡಿದು, ಎದೆ ಉಬ್ಬಿಸಿಕೊಂಡು.

"ಗಾಡಿ ನನ್ನದು" ಎಂದೆ.

"ಗೊತ್ತುಂಟು ಮೇಡಂ. ನಿಮಗೆ ಹಿಂದೆಯೂ ಒಳ್ಳೆ ಸಾಫ್ಟ್ ಮಾಡಿ ಕೊಡುವ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೋವು ನನ್ನ ಮೂಳೆಗೆ, ಟೇಪು ಹಿಡಿದದ್ದು ಗಂಡನ ಕಾಲಿಗೆ. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ನಾನು ನೋಡುತ್ತಾ ನಿಂತೆ. ಮತ್ತೊಂದು ಮಾತು ಆಡಲಿಲ್ಲ. ಬೇರೆ ಗಿರಾಕಿಗಳು ಇದ್ದಾರೆ, ಎಲ್ಲರೆದುರು ಗಂಡನ ಮರ್ಯಾದೆ ಯಾಕೆ ತೆಗೆಯುವುದು ಎಂದುಕೊಂಡೆ.

ವಾರದ ನಂತರ ಬಂದ ಸೀಟು ಸೋಫಾದಷ್ಟು ದಪ್ಪವಿತ್ತು. ಕೂತರೆ ನನ್ನ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಅಂಗಡಿಗೆ ಫೋನು ಮಾಡಿದರೆ, "ಸ್ವಲ್ಪ ದಿನ ಓಡಿಸಿ ಮೇಡಂ, ಫೋಮು ಕೂತು ಸರಿಯಾಗ್ತದೆ" ಎಂದರು. ಫೋಮು ಕೂತದ್ದು ನನ್ನ ಮೂಳೆಯ ಅಡಿಯಲ್ಲಿ ಮಾತ್ರ. ಬೆಳ್ಮಣ್‌ನಲ್ಲಿ ಬರುತ್ತಿದ್ದ ನೋವು ಈಗ ಶಿರ್ವದಲ್ಲೇ ಬರತೊಡಗಿತು.

ಒಂದು ಸಂಜೆ ಉಡುಪಿಗೆ ಹೋದಾಗ ಕಡಿಯಾಳಿಯಲ್ಲಿ ಮುಂದಿನ ಬಸ್ಸು ಗಕ್ಕನೆ ನಿಂತಿತು. ನಾನೂ ಬ್ರೇಕು ಹಾಕಿ ಎಡಗಾಲು ಚಾಚಿದೆ. ಅಲ್ಲಿ ರಸ್ತೆಯ ಅಂಚು ತಗ್ಗು, ಕಾಲಿಗೆ ನೆಲವೇ ಸಿಗಲಿಲ್ಲ. ಬೈಕಿನ ಸಮೇತ ಉರುಳಿದೆ. ಮೊಣಕೈ ತರಚಿತು, ಕನ್ನಡಿ ಒಡೆಯಿತು. ಜನ ಓಡಿಬಂದು ಎತ್ತಿದರು. ಎತ್ತಿದವರಲ್ಲಿ ಒಬ್ಬರು, "ಇಷ್ಟು ದೊಡ್ಡ ಗಾಡಿ ಎಂತಕ್ಕೆ ಮೇಡಂ ನಿಮಗೆ?" ಎಂದು ಕೇಳಿದರು. ಮನೆಯಲ್ಲಿ ಗಂಡ ಗಾಯ ತೊಳೆದು ಮುಲಾಮು ಹಚ್ಚಿದರು, ಪ್ರೀತಿಯಿಂದಲೇ. ಹಚ್ಚುತ್ತಾ ಹಚ್ಚುತ್ತಾ, ತಮ್ಮ ಆಫೀಸಿನವರೊಬ್ಬರಿಗೆ ಬೈಕು ಬೇಕಂತೆ, ಮುಂದಿನ ತಿಂಗಳ ಮೊದಲ ಭಾನುವಾರ ನೋಡಲು ಬರುತ್ತಾರೆ ಎಂದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಕಾರ್ಕಳದ ಬಸ್ ನಿಲ್ದಾಣದ ಹತ್ತಿರ ಒಂದು ಶೆಡ್ಡಿನಲ್ಲಿ ಖಾಸಗಿ ಬಸ್ಸುಗಳ ಡ್ರೈವರ್ ಸೀಟು ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ದಿನವೂ ಅವರ ಎದುರಿನಿಂದಲೇ ಹಾದುಹೋಗುತ್ತಿದ್ದೆ. ಮರುದಿನ ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಹೋದೆ. ಹಗಲಿಡೀ ಕೂತು ದುಡಿಯುವವರ ನೋವು ಬಲ್ಲವರಿಗೆ ನನ್ನದೂ ತಿಳಿದೀತು ಎಂಬ ಆಸೆ.

"ನೀವು ಹತ್ತಿ ಕೂತುಕೊಳ್ಳಿ" ಎಂದರು. ನೋವು ಎಲ್ಲಿ, ಯಾವ ಊರು ದಾಟಿದ ಮೇಲೆ ಶುರು, ತೊಡೆ ಜೋಮು ಹಿಡಿಯುತ್ತದಾ ಎಂದೆಲ್ಲ ಕೇಳಿ ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು. ಉಡುಪಿಯ ಫೋಮು ಕಿತ್ತು ಬಿಸಾಡಿದರು. ಗಟ್ಟಿ ಫೋಮಿನ ಹಲಗೆಯೊಂದನ್ನು ನೆಲಕ್ಕೆ ಹಾಕಿ, ಅದರ ಮೇಲೆ ಮೊಣಕಾಲೂರಿ ಇಡೀ ಭಾರ ಬಿಟ್ಟು ನೋಡಿದರು.

"ಬೆರಳಲ್ಲಿ ಒತ್ತಿ ನೋಡುದೆಂತಕ್ಕೆ? ಬೆರಳಲ್ಲಿ ಯಾರಾದ್ರೂ ಕೂತುಕೊಳ್ತಾರಾ? ಮೆತ್ತಗಿನದ್ದು ಅಂಗಡಿಯಲ್ಲಿ ಸುಖ, ದಾರಿಯಲ್ಲಿ ಅಲ್ಲ."

ಕೂರುವಲ್ಲಿ ಅಗಲ ಮಾಡಿ, ಕಾಲು ನೇರ ಇಳಿಯುವ ಹಾಗೆ ಮುಂದೆ ಕಿರಿದು ಮಾಡಿ, ಮೂಳೆ ಬರುವಲ್ಲಿ ಸ್ವಲ್ಪ ತಗ್ಗು ಕೊರೆದರು. ಕೊರೆಯುತ್ತಾ ಕೇಳಿದರು, "ಮೊದಲಿನದ್ದು ಯಾರ ಅಳತೆ?"

"ಗಂಡನದ್ದು."

"ಅವರು ಓಡಿಸ್ತಾರಾ?"

"ಇಲ್ಲ."

"ಮತ್ತೆ ನೀವೆಂತ ಸುಮ್ಮನೆ ನಿಂತದ್ದು?"

ಗೊತ್ತಿದ್ದೂ ಬಾಯಿ ಬಿಡದ ಮಕ್ಕಳನ್ನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಗದರಿಸುತ್ತಾ ಬಂದವಳು ನಾನು. ಅಂಗಡಿಯವರ ಮೇಲೆ, ಗಂಡನ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲಿಯೇ ನನ್ನ ಮೇಲೆ ತಿರುಗಿತು. ಆ ಸಿಟ್ಟೇ ಇವತ್ತಿಗೂ ಹೆಚ್ಚು ಸುಡುವುದು.

ಹೊಸ ಸೀಟಿನಲ್ಲಿ ಎರಡೂ ಪಾದ ನೆಲ ಮುಟ್ಟಿದವು. ಎರಡು ವಾರ ಓಡಿಸಿದೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ಕಾರ್ಕಳ ಮುಟ್ಟುವವರೆಗೆ ಅದರ ನೆನಪಾಗುತ್ತಿರಲಿಲ್ಲ. ಬೈಕು ಕೊಡುವುದಿಲ್ಲ ಎಂದು ಗಂಡನಿಗೆ ಎರಡು ಸಲ ಹೇಳಿದೆ. "ಬರಲಿ, ನೋಡಿ ಹೋಗಲಿ" ಎಂದರು.

ಭಾನುವಾರ ಆಫೀಸಿನವರು ಬಂದರು. ಗಂಡ ಅಂಗಳದಲ್ಲಿ ಬೈಕು ತೋರಿಸಿ "ಕೂತು ನೋಡಿ" ಎಂದರು. ಅವರು ಕೂತರು.

"ಸೀಟು ತುಂಬ ತಗ್ಗು ಅಲ್ವಾ? ಮೊಣಕಾಲು ಮೇಲೆ ಬರ್ತದೆ."

"ಅದು ದೊಡ್ಡ ವಿಷಯ ಅಲ್ಲ. ಎತ್ತರ ಮಾಡಿಸಿದರೆ ಆಯ್ತು" ಎಂದರು ಗಂಡ.

ನಾನು ಜಗಲಿಯಿಂದ ಇಳಿದು ಬಂದೆ. "ಏಳಿ" ಎಂದೆ. ಬಂದವರು ಗಂಡನ ಮುಖ ನೋಡಿದರು. "ಅವರನ್ನೆಂತ ನೋಡುದು? ಓಡಿಸುವವಳು ನಾನು. ಇದನ್ನು ಮಾರುವುದಿಲ್ಲ. ಏಳಿ."

ಅವರು ಚಹಾ ಕೂಡ ಕುಡಿಯದೆ ಹೋದರು. ಗಂಡನ ಮುಖ ಕೆಂಪಾಗಿತ್ತು. "ಮನೆಗೆ ಬಂದವರ ಎದುರು ಹೀಗಾ ಮಾತಾಡುದು? ನನ್ನ ಮರ್ಯಾದೆ ಎಂತಾಯ್ತು?"

"ಅಂಗಡಿಯಲ್ಲೇ ನಾನು ಹೀಗೆ ಮಾತಾಡಬೇಕಿತ್ತು" ಎಂದೆ. "ನಿಮ್ಮ ಮರ್ಯಾದೆ ಉಳಿಸಲು ಹೋಗಿ ಕಡಿಯಾಳಿಯಲ್ಲಿ ಬಿದ್ದೆ."