ಮುದ್ದೇಬಿಹಾಳದ ಒಲೆಗೆ ಇಂಡಿಯ ಹಿಟ್ಟು

ಹೋದ ವಾರ ಬಸವನ ಬಾಗೇವಾಡಿಗೆ, ನನ್ನ ತಂಗಿಯ ಮನೆಗೆ ಹೊರಟಾಗ ಲ್ಯಾಪ್‌ಟಾಪ್ ಚೀಲದಿಂದ ಜೋಳದ ಹಿಟ್ಟಿನ ವಾಸನೆ ಬಂತು. ಹೆಂಡತಿ ಸುನಂದಾಳ ಕೆಲಸ. ನಮ್ಮ ಕಡೆ ಊರಿಗೆ ಹೋಗುವವರು ಖಡಕ್ ರೊಟ್ಟಿ ಕಟ್ಟಿಕೊಳ್ಳುತ್ತಾರೆ, ಇವಳು ಮಾತ್ರ ಹಿಟ್ಟು ಒಯ್ಯುತ್ತಾಳೆ. ನಾನು ಗೊಣಗುವುದಿಲ್ಲ. ನನ್ನ ಮದುವೆಯಾದದ್ದೇ ಹಿಟ್ಟಿನ ದೆಸೆಯಿಂದ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ ನಗಿ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಮ್ಮೂರು ಇಂಡಿಯಲ್ಲಿ ನಾನೊಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಇದ್ದ ಎರಡು ಕಂಪ್ಯೂಟರುಗಳಲ್ಲಿ ಒಂದು ಕೆಟ್ಟಿತ್ತು. ಅದಕ್ಕೆ ಬಟ್ಟೆ ಹೊದಿಸಿ, ಅದು ಮುಂದಿನ ಕೋರ್ಸಿನದು ಎಂದು ಗಂಭೀರವಾಗಿ ಹೇಳುತ್ತಿದ್ದೆ. ಬಿಡುವು ಬೇಕಾದಷ್ಟಿತ್ತು. ಹುಡುಗ ಹುಡುಗಿಯ ಜನ್ಮನಕ್ಷತ್ರ ಕೊಟ್ಟರೆ ಮೂವತ್ತಾರರಲ್ಲಿ ಎಷ್ಟು ಗುಣ ಕೂಡುತ್ತವೆಂದು ಹೇಳುವ ಪ್ರೋಗ್ರಾಂ ಬರೆದೆ. ಊರವರಿಗೆಲ್ಲ ಗುಣ ಕೂಡಿಸಿಕೊಟ್ಟು ನಾನು ಮಾತ್ರ ಒಂಟಿಯಾಗಿ ಕುಳಿತಿದ್ದೆ.

ಆಗ ಮುದ್ದೇಬಿಹಾಳದ ಸಂಬಂಧ ಬಂತು. ಹುಡುಗಿಯ ತಂದೆ ಕೋರ್ಟಿನ ನಿವೃತ್ತ ಶಿರಸ್ತೇದಾರರು. ಅವ್ವನೊಂದಿಗೆ ಹೋದೆ. ಸುನಂದಾ ಅವಲಕ್ಕಿ ತಂದಿಟ್ಟು, ಒಳಗೆ ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ನನ್ನ ಕಥೆ ಅಲ್ಲಿಗೇ ಮುಗಿಯಿತು.

"ಜೋಯಿಸರು ಮಾರಿ ನೋಡಿ ಹೇಳ್ತಾರ, ಯಂತ್ರಕ್ಕ ಮುಲಾಜಿಲ್ಲ" ಎಂದರು ಶಿರಸ್ತೇದಾರರು. "ಹದಿನೆಂಟು ಗುಣಾ ಕೂಡಿದ್ರ ಹೆಣ್ಣು ಕೊಡ್ತೇನಿ. ಆದ್ರ ನಮ್ಮ ಕಣ್ಣೆದುರಿಗೆ ಹೇಳಬೇಕ್ರಿ ಮತ್ತ, ಹುಡುಗೀ ನಕ್ಷತ್ರ ಆವಾಗಽ ಹೇಳ್ತೇನಿ."

ಅವರ ಪಡಸಾಲೆಯಲ್ಲೂ ಒಂದು ಕಂಪ್ಯೂಟರ್ ಇತ್ತು. ಅಂಗಿಯ ಜೇಬಿನಿಂದ ಠೀವಿಯಲ್ಲಿ ಸಿದ್ಧ ಪ್ರೋಗ್ರಾಮಿನ ಫ್ಲಾಪಿ ತೆಗೆದು ಹಾಕಿದೆ. ಆ ಯಂತ್ರದ ಆಪರೇಟಿಂಗ್ ಸಿಸ್ಟಮ್ಮೇ ಬೇರೆ. ನನ್ನದು ಡಾಸ್, ಅಲ್ಲಿದ್ದದ್ದು ಪೆಂಗ್ವಿನ್ ಚಿತ್ರದ ಲಿನಕ್ಸ್. ಒಂದಕ್ಕೆಂದು ಸಿದ್ಧಪಡಿಸಿದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುವುದಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ಶಿರಸ್ತೇದಾರರು ಅದನ್ನು ಕೋರ್ಟಿನ ಧಾಟಿಯಲ್ಲಿ ಕನ್ನಡಕ್ಕೆ ತಂದರು: "ಅನುಮತಿ ನಿರಾಕರಿಸಲಾಗಿದೆ ಅಂತೈತ್ರಿ."

ಅವ್ವ ಅವಲಕ್ಕಿಯ ತಾಟು ಕೆಳಗಿಟ್ಟಳು.

"ಇಂಡ್ಯಾಗ ಓಡತೈತ್ರಿ" ಎಂದೆ.

"ಹಂಗಾರ ಇಂಡ್ಯಾಗಽ ಕನ್ಯಾ ನೋಡ್ರಿ."

ಕಾಡಿ ಬೇಡಿ ಎರಡು ವಾರದ ವಾಯಿದೆ ಪಡೆದೆ. ಬುದ್ಧಿಯಿದ್ದವನು ಪ್ರೋಗ್ರಾಮನ್ನು ಅವರ ಯಂತ್ರಕ್ಕೆ ಒಗ್ಗಿಸುತ್ತಿದ್ದ. ನಾನು ನನ್ನ ಯಂತ್ರವನ್ನೇ ಒಯ್ಯುವುದೆಂದು ನಿಶ್ಚಯಿಸಿದೆ. ಅವ್ವನ ಕೌದಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಸಿಂದಗಿಯಲ್ಲಿ ಬಸ್ಸು ಬದಲಿಸಿದೆವು. ಸಿಪಿಯು ಡಬ್ಬಿ ನನ್ನ ತೊಡೆಯ ಮೇಲೆ, ಮಾನಿಟರ್ ಅವ್ವನ ತೊಡೆಯ ಮೇಲೆ.

"ಏನಬೇ ಅದು, ಕೂಸೇನು?" ಎಂದ ಕಂಡಕ್ಟರ್.

"ಹೂನಪಾ, ಕನ್ಯಾ ನೋಡಾಕ ಹೊಂಟೈತಿ" ಎಂದಳು ಅವ್ವ.

ಅವನು ಅರ್ಧ ಟಿಕೆಟು ಹರಿದುಕೊಟ್ಟ.

ಮುದ್ದೇಬಿಹಾಳದಲ್ಲಿ ಕೌದಿ ಬಿಚ್ಚಿ ಗುಂಡಿ ಒತ್ತಿದರೆ ಯಂತ್ರ ಮಿಸುಕಲಿಲ್ಲ. ದಾರಿಯ ಕುಲುಕಾಟಕ್ಕೆ ಒಳಗೇನು ಕಳಚಿತ್ತೋ. "ಸಾಕ್ಷಿ ಬಾಯಿ ಬಿಡವಲ್ದಲ್ರಿ" ಎಂದು ಶಿರಸ್ತೇದಾರರು ಗಡಿಯಾರ ನೋಡಿಕೊಂಡರು. ನನಗೆ ಅಳುವೇ ಬಂದಿತ್ತು.

ಅಡುಗೆಮನೆಯ ಬಾಗಿಲಿಗೆ ಸುನಂದಾ ಬಂದು ನಿಂತಳು. ಕೈಯೆಲ್ಲ ಹಿಟ್ಟು.

"ಅಪ್ಪಾ, ಮೊದಲ ಬೇಯಿಸಿದ ರೊಟ್ಟಿ ತಂದಿದ್ರು, ನಮ್ಮಲ್ಲಿ ನಡೀಲಿಲ್ಲ. ಈಗ ಒಲೀನಽ ಹೊತ್ಕೊಂಡ ಬಂದಾರ." ಆಮೇಲೆ ನನಗೆ, "ಹಿಟ್ಟು ತಂದೀರೇನ್ರಿ?"

ನಾನು ಅವ್ವನ ಕಡೆ ನೋಡಿದೆ.

"ನೀವು ಕೂತು ಬರದ ಸಾಲು ಇರ್ತಾವಲ್ರಿ, ಅವು. ಅವನ್ನ ಕೊಡ್ರಿ, ನಮ್ಮ ಒಲಿಮ್ಯಾಲೆ ನಾನಽ ಬೇಯಿಸ್ತೇನಿ."

ಆ ಕಂಪ್ಯೂಟರ್ ಅವಳದೆಂದೂ, ಪೆಂಗ್ವಿನ್ನನ್ನು ಸಾಕಿದವಳು ಅವಳೇ ಎಂದೂ ನನಗೆ ಗೊತ್ತಾದದ್ದು ಆಗ. ನಾನು ಬರೆದ ಮೂಲ ಸಾಲುಗಳ ಫ್ಲಾಪಿಯೂ ಜೇಬಿನಲ್ಲೇ ಇತ್ತು. ಅವಳು ಕೈ ತೊಳೆದು ಬಂದು ಒಂದು ತಾಸು ಕುಳಿತಳು. ಕೆಲವು ಸಾಲು ಅಳಿಸಿದಳು, ಕೆಲವು ಸೇರಿಸಿದಳು. ಕೊನೆಗೆ ಪರದೆಯ ಮೇಲೆ ಇಪ್ಪತ್ತೆಂಟು ಎಂದು ಬಂತು. ಶಿರಸ್ತೇದಾರರು ಚಾಳೀಸು ಒರೆಸಿಕೊಂಡು ಎರಡು ಸಲ ಓದಿ, ಎಲ್ಲರ ಬಾಯಿಗೆ ಸಕ್ಕರೆ ಹಾಕಿದರು. ಯಂತ್ರಕ್ಕೆ ಮುಲಾಜಿಲ್ಲ ಎಂದು ಇನ್ನೊಮ್ಮೆ ಹೇಳಿದರು.

ಮದುವೆಯಾದ ಎಂಟನೆಯ ದಿನ, ರಿಪೇರಿಯಾಗಿ ಬಂದ ನನ್ನ ಯಂತ್ರದಲ್ಲಿ ಸುಮ್ಮನೆ ಕುತೂಹಲಕ್ಕೆ ನಮ್ಮಿಬ್ಬರ ನಕ್ಷತ್ರ ಹಾಕಿ ನೋಡಿದೆ. ಹನ್ನೊಂದು. ಮತ್ತೆ ಮತ್ತೆ ಹಾಕಿದೆ, ಹನ್ನೊಂದೇ. ಯಾರಿಗೂ ಹೇಳಲಿಲ್ಲ. ಸಿಸ್ಟಮ್ ಬೇರೆಯಾದರೆ ಲೆಕ್ಕವೂ ಬೇರೆ ಬರುತ್ತದೆಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ. ವಿದ್ಯಾರ್ಥಿಗಳಿಗೂ ಹಾಗೇ ಪಾಠ ಮಾಡಿದೆ. ಪಾಪ, ಅವರು ಬರೆದುಕೊಂಡರು. ಇಪ್ಪತ್ತು ವರ್ಷಕ್ಕೂ ಮೇಲೆ, ಜಗಳವಾದಾಗಲೆಲ್ಲ ಹನ್ನೊಂದು ನೆನಪಾಗಿ ಹೆದರುತ್ತಿದ್ದೆ, ರಾಜಿಯಾದಾಗ ಪೆಂಗ್ವಿನ್ನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಬಾಗೇವಾಡಿಯಲ್ಲಿ ತಂಗಿಯ ಹೊಸ ಹಂಚಿನ ಮುಂದೆ ಸುನಂದಾ ತಾನು ಒಯ್ದ ಹಿಟ್ಟಿನ ರೊಟ್ಟಿ ಬಡಿಯುತ್ತಿದ್ದಳು. ಇಷ್ಟು ವರ್ಷ ನುಂಗಿದ್ದು ಅದೇಕೋ ಅಲ್ಲಿ ಬಾಯಿಗೆ ಬಂತು.

"ಆವತ್ತ ಇಪ್ಪತ್ತೆಂಟು ಹೆಂಗ ಬಂತು? ಇಂಡ್ಯಾಗ ಹನ್ನೊಂದು ಬರತೈತಿ."

ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಮ್ಮಲ್ಲೂ ಹನ್ನೊಂದಽ ಬಂದಿತ್ರಿ. ಹದಿನೇಳು ನಾ ಹಾಕಿದ್ದೆ."

ನಾನು ತಾಟು ಮುಂದೆ ಹಿಡಿದೆ. ಅವಳು ಬಿಸಿ ರೊಟ್ಟಿ ಹಾಕಿದಳು.