ಪ್ರಾಜಕ್ತಾ ಬಾರಿಸಿದ ಗಂಟೆ

“ನಾ ಒಳಗ ಕಾಲಿಟ್ರ ಮಂದಿ ಕಿವಿ ಮುಚ್ಕೋತಾರ್ರಿ. ನನ್ನ ಕೆಲಸಾನೇ ಅಂಥಾದ್ದು. ಛತ್ತಿಗೆ ಬಿಳಿ ಬಟ್ಟಲ ಬೋರಲ ಹಾಕಿದಂಗ ಹೊಗಿ ಹಿಡಿಯೋ ಡಿಟೆಕ್ಟರ್ ಇರ್ತದಲ್ರಿ, ಅದಕ್ಕ ಉದ್ದನ ಕೋಲಿನ ತುದೀಲೆ ಸುಳ್ಳಹೊಗಿ ಕೊಡ್ತೀನಿ. ಗಂಟಿ ಹೊಡೀಬೇಕು. ಹೊಡೀತಂದ್ರ ಮಾಲಕರು ‘ಸಾಕ ಮಾಡವಾ, ತಲಿ ಹಿಡೀತು’ ಅಂತಾರ. ಹೊಡೀಲಿಲ್ಲಂದ್ರ ನನ್ನ ಎದಿ ಹೊಡ್ಕೋತದ. ನಮ್ಮ ನಾಗಣಸೂರಾಗ ಬಣವಿಗೆ ಬೆಂಕಿ ಬಿದ್ರ ಕೂಗಾಕ ಮಂದಿ ಅದಾರ. ಕೀಲಿ ಹಾಕಿದ ಗೋಡೌನಿನಾಗ ಯಾರ್ ಕೂಗಬೇಕ್ರಿ?”

ಹೀಗೆನ್ನುವ ಪ್ರಾಜಕ್ತಾ ಅಕ್ಕಲಕೋಟ ತಾಲೂಕಿನ ಒಕ್ಕಲು ಮನೆತನದವಳು. ಐಟಿಐ ಕಲಿತು, ಆರು ವರ್ಷ ಬೇರೆಯವರ ಕೈಕೆಳಗೆ ಏಣಿ ಹತ್ತಿಳಿದು, ಕಡೆಗೊಮ್ಮೆ ಸೊಲ್ಲಾಪುರದಲ್ಲಿ ತನ್ನದೇ ಹೆಸರಿನಲ್ಲಿ ಕೆಲಸ ಹಿಡಿದಳು. ಮೊದಲು ನಂಬಿ ಕೆಲಸ ಕೊಟ್ಟವರು ಟಾವೆಲ್ ವ್ಯಾಪಾರದ ಸಿದ್ದರಾಮಪ್ಪ.

ದಸರೆ ಮುಗಿದಿತ್ತು. ಮರುದಿನ ಬೆಳಿಗ್ಗೆ ಅಗ್ನಿಶಾಮಕದ ಸಾಹೇಬರು ಅವರ ಗೋಡೌನು ನೋಡಲು ಬರುವವರಿದ್ದರು. ಒಮ್ಮೆ ಎಲ್ಲ ಬಾರಿಸಿ ನೋಡೋಣವೆಂದು ಪ್ರಾಜಕ್ತಾ ಹೋದಳು. ಹನ್ನೊಂದು ಡಿಟೆಕ್ಟರುಗಳಲ್ಲಿ ಏಳು, ಎಷ್ಟು ಹೊಗೆ ಕುಡಿಸಿದರೂ ತೆಪ್ಪಗೆ ಕೂತವು.

ಸಿದ್ದರಾಮಪ್ಪ ದನಿ ಏರಿಸಲಿಲ್ಲ. “ತಂಗಿ, ನಾಳಿ ಸಾಹೇಬರ ಮುಂದ ಹಿಂಗಾತಂದ್ರ, ನೀ ಮತ್ತ ಈ ಪಾವಟಿಗಿ ಹತ್ತಬ್ಯಾಡ,” ಎಂದರು. ಬಜಾರದಲ್ಲಿ ಅವರ ಮಾತು ಒಂದು ದಿನದಲ್ಲಿ ಎಲ್ಲ ಅಂಗಡಿ ಮುಟ್ಟುತ್ತದೆಂದು ಅವಳಿಗೆ ಗೊತ್ತಿತ್ತು.

ಟಾವೆಲಿನ ನವಿರು ಧೂಳು ಕಟ್ಟಿರಬೇಕೆಂದುಕೊಂಡು ಒಂದನ್ನು ಬಿಚ್ಚಿದಳು. ಅಂಗೈ ಮೇಲೆ ಬಿದ್ದದ್ದು ಬೂದಿ. ತಿರುಗಿಸಿ ನೋಡಿದರೆ ಜಾಳಿಗೆಯ ಮೇಲೆ ಅಚ್ಚುಕಟ್ಟಾದ ಮೂರು ಬೆರಳಿನ ಗುರುತು. ವಿಭೂತಿ!

ಖಂಡೇನವಮಿಗೆ ತಕ್ಕಡಿ, ಕತ್ತರಿ, ಮೋಟರ್‌ಸೈಕಲ್ ಎಲ್ಲಕ್ಕೂ ಪೂಜೆ ಆಗಿತ್ತು. ಗೋಡೌನು ಕಾಯುವ ಮಲ್ಲಯ್ಯ, ಇವೂ ದುಡಿಯುವವೇ ಅಲ್ಲವೇ ಎಂದು ಏಣಿ ಹತ್ತಿ, ವಿಭೂತಿ ನೀರಲ್ಲಿ ಕಲಸಿ ಗಟ್ಟಿಯಾಗಿ ಬಳಿದಿದ್ದ. ವಿಭೂತಿ ತೀರಿದ್ದರಿಂದ ನಾಲ್ಕು ಉಳಿದಿದ್ದವು.

ಒರೆಸಲು ಅರಿವೆ ತೆಗೆದರೆ ಸಿದ್ದರಾಮಪ್ಪನವರ ತಾಯಿ ಸುಮಿತ್ರಾಬಾಯಿ ಅಡ್ಡ ನಿಂತರು. ಹಚ್ಚಿದ ವಿಭೂತಿ ಅಳಿಸುವುದು ಈ ಮನೆತನದಲ್ಲಿ ಯಾರೂ ಕಂಡದ್ದಲ್ಲ. ಮಗ ತಾಯಿಗೆ ಎದುರಾಡುವವನಲ್ಲ. ಎಲ್ಲರೂ ಪ್ರಾಜಕ್ತಾಳ ಮೋರೆ ನೋಡಿದರು.

ಅವಳು ಅರಿವೆ ಕೆಳಗಿಟ್ಟು ಮೆಲ್ಲಗೆ ಕೇಳಿದಳು: “ಆಯಿ, ವಿಭೂತಿ ಹಣಿಗೆ ಹಚ್ಕೋತೀವಿ. ಮೂಗಿನಾಗ ತುಂಬ್ಕೋತೀವೇನ್ರಿ? ಇದು ಗೋಡೌನಿನ ಮೂಗು. ಪಾಪ, ಉಸುರ ಹಿಡ್ಕೊಂಡು ಕೂತದ.”

ಮುದುಕಿ ಹೊಟ್ಟೆ ಅಲುಗಿಸುತ್ತ ನಕ್ಕರು. “ಮಲ್ಲಯ್ಯಾ, ಹಣಿ ಯಾವುದು ಮೂಗ ಯಾವುದು ತಿಳೀದಂಥಾ ಸ್ವಾಮಿ ನೀನೊಬ್ಬನೇ ನೋಡಪಾ. ತಾರವಾ ಇಲ್ಲಿ ಅರಿವಿ,” ಎಂದು ಮೊದಲನೆಯದನ್ನು ತಾವೇ ಒರೆಸಿಕೊಟ್ಟರು. ಬಾಗಿಲ ಬಳಿಯ ಅಲಾರ್ಮಿನ ದೊಡ್ಡ ಡಬ್ಬಿಗೆ ಹೊರಮೈಗಷ್ಟೇ ಮೂರೆಳೆ ಹಚ್ಚುವುದೆಂದು ಎಲ್ಲರೂ ಒಪ್ಪಿದರು.

ಸಂಜೆತನಕ ಬ್ರಷ್ಷು ಹಿಡಿದು, ಊದಿ, ಒರೆಸಿ, ಮತ್ತೆ ಹೊಗೆ ಕೊಟ್ಟಳು. ಆರು ಬದುಕಿದವು. ಬದುಕದ ಒಂದನ್ನು ಬದಲಿಸಿದಳು.

ಬೆಳಿಗ್ಗೆ ಸಾಹೇಬರು ಬೇಕೆಂದೇ ಮೂಲೆಯದನ್ನು ತೋರಿಸಿದರು. ಪ್ರಾಜಕ್ತಾ ಕೋಲು ಎತ್ತಿದಳು. ಗಂಟೆ ಹೊಡೆದ ಹೊಡೆತಕ್ಕೆ ಗಲ್ಲಿಯ ವ್ಯಾಪಾರಿಗಳೆಲ್ಲ ಅಂಗಡಿ ಬಿಟ್ಟು ಹೊರಬಂದರು. ಹನ್ನೊಂದೂ ಹಾಗೆಯೇ ಕೂಗಿದವು. ಸಾಹೇಬರು ಸಹಿ ಹಾಕಿದರು. ಸಿದ್ದರಾಮಪ್ಪ ಕಿವಿ ಮುಚ್ಚಿಕೊಳ್ಳದೆ ಬಾಗಿಲಲ್ಲಿ ನಿಂತು, “ನಮ್ಮ ಪ್ರಾಜಕ್ತಾ ಬಾರಿಸ್ಯಾಳ,” ಎಂದು ಗಲ್ಲಿಗೆಲ್ಲ ಕೇಳುವಂತೆ ಹೇಳಿದರು. ಮೂವರು ವ್ಯಾಪಾರಿಗಳು ಅಲ್ಲೇ ಅವಳ ಫೋನ್ ನಂಬರು ಬರೆದುಕೊಂಡರು.

ಮನೆಗೆ ಬಂದರೆ ನಳದಲ್ಲಿ ನೀರು ಬಂದಿತ್ತು. ಸೀರೆ ಸೆರಗು ಸಿಕ್ಕಿಸಿ, ಕೊಡ ತೊಳೆದು ಪ್ರಾಜಕ್ತಾ ನೀರು ಹಿಡಿಯಲು ಕೂತಳು.